ಅಂಗಳಕ್ಕೆ ಬಿದ್ದ ಸುಣ್ಣದ ಗೆರೆ

ರೊಟ್ಟಿ ತಟ್ಟುತ್ತಿದ್ದ ಕಮಲಮ್ಮ ಕಿಟಕಿಯಾಚೆ ನೋಡಿ ಕೈ ನಿಲ್ಲಿಸಿದಳು. ಹೊಸದುರ್ಗದಿಂದ ಬೆಳಿಗ್ಗೆ ಬಂದಿದ್ದ ಬೀಗರು ಏಕಾಂತಪ್ಪ ಅಂಗಳದ ಮೂಲೆಯಲ್ಲಿ ಹಗ್ಗದ ತುದಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಮಗಳು ದಿವ್ಯಾ, ಈ ಮನೆಯ ಕಿರಿಯ ಸೊಸೆ, ಹಗ್ಗದ ಗುಂಟ ಸುಣ್ಣದ ಪುಡಿ ಬಿಡುತ್ತಿದ್ದಳು.

ಕಮಲಮ್ಮನ ಗಂಡ, ಮೈದುನ ಮನೆ ಪಾಲು ಮಾಡಿಕೊಂಡು ಬೇರೆಯಾದಾಗಲೂ ಊರಿನ ಹಿರಿಯರು ಇದೇ ಅಂಗಳದಲ್ಲಿ ಹೀಗೆಯೇ ಸುಣ್ಣ ಹಾಕಿದ್ದರು. ಅದರ ಮೇಲೆದ್ದ ಗೋಡೆಯಾಚೆಗಿನ ಓರಗಿತ್ತಿ ಹೊನ್ನಕ್ಕ ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಈಗ ತನ್ನ ಮಕ್ಕಳ ಸರದಿಯೇ? ಹಿರಿಯವ ಕಲ್ಲೇಶ್ ತೋಟಕ್ಕೆ ಹೋದ ಹೊತ್ತು ನೋಡಿಯೇ ಹಗ್ಗ ಬಿಚ್ಚಿದ್ದಾರೆ.

ಮಜ್ಜಿಗೆ ಕೊಡುವ ನೆಪದಲ್ಲಿ ಹೋಗಿ, ಬಿಸಿಲಲ್ಲಿ ಇದೆಂಥ ಕೆಲಸ ಬೀಗರೇ ಎಂದು ಕೇಳಿದಳು. ಏಕಾಂತಪ್ಪ ಮಗಳನ್ನೇ ಕೇಳಿ ಎಂದು ನಕ್ಕರು. ಆ ನಗು ಕಮಲಮ್ಮನಿಗೆ ಸರಿಬರಲಿಲ್ಲ. ಅವರಿಗೆ ಊಟಕ್ಕೆ ಬಡಿಸಿದವಳೇ ಅಂಗಳಕ್ಕೆ ಬಂದು, ಸಗಣಿ ನೀರು ಎರಚಿ ಗೆರೆಯನ್ನೆಲ್ಲ ಬಳಿದುಹಾಕಿದಳು.

ಕೈ ತೊಳೆಯಲು ಬಂದ ದಿವ್ಯಾ ನಿಂತಳು.

"ಯಾಕ್ ಅಳಿಸಿದ್ರಿ ಅತ್ತೆ?"

"ನೀನು ಯಾಕ್ ಎಳೆದೆ, ಅದ್ನ ಹೇಳು ಮೊದ್ಲು."

ದಿವ್ಯಾ ಹೊಳಲ್ಕೆರೆಯ ಕಾಲೇಜಿನಲ್ಲಿ ಗಣಿತದ ಪಾಠ ಹೇಳುವವಳು. ಸೋಮವಾರ ಅಲ್ಲಿನ ವಸ್ತುಪ್ರದರ್ಶನಕ್ಕೆ ನೆಲದ ಮೇಲೆ ವಾಲಿದ ಚೌಕಗಳ ದೊಡ್ಡ ಚಿತ್ರ ಬಿಡಿಸಬೇಕಂತೆ, ಇದು ಅದರ ಅಭ್ಯಾಸವಂತೆ.

"ಚೌಕ ಎಷ್ಟೇ ವಾಲಿದ್ರೂ ಎದುರುಬದುರಿನ ಗೆರೆಗಳು ಸಮಾನಾಂತರವಾಗೇ ಇರ್ತವೆ, ಜೋಡಿ ಬಿಡಲ್ಲ ಅತ್ತೆ. ಆ ಲೆಕ್ಕಕ್ಕೆ ಅಫೈನ್ ಅಂತಾರೆ. ಮದುವೆಯಿಂದ ಆದ ನೆಂಟ್ರಿಗೂ ಇಂಗ್ಲಿಷಿನಾಗೆ ಅದೇ ಹೆಸರು. ನೀವು, ನಾನು, ನಮ್ಮಪ್ಪ, ಎಲ್ಲಾ ಅದೇ."

"ನೆಂಟಸ್ತನದ ಮಾತು ಆಮ್ಯಾಲೆ. ನಿಮ್ಮಪ್ಪ ಬೇರೆ ಮನೆ ಮಾಡು ಅಂದ್ರೋ ಇಲ್ವೋ?"

ದಿವ್ಯಾ ಒಳಗೆ ನೋಡಿದಳು. ಏಕಾಂತಪ್ಪ ಇನ್ನೂ ಉಣ್ಣುತ್ತಿದ್ದರು.

"ಅಂದ್ರು," ಎಂದಳು ಮೆಲ್ಲಗೆ. "ಹೋದ ಸಲ ಬಂದಾಗ. ನಾನೇ ಬ್ಯಾಡ ಅಂದೆ."

ಕಮಲಮ್ಮ ಸೊಸೆಯ ಮುಖವನ್ನೇ ನೋಡುತ್ತ ನಿಂತಳು. ಸುಳ್ಳು ಹೇಳುವವಳಾಗಿದ್ದರೆ ಇಷ್ಟನ್ನೂ ಒಪ್ಪುತ್ತಿರಲಿಲ್ಲ. ಆದರೂ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ. ನೆಲ ಒಣಗಿದ ಮೇಲೆ ಹಗ್ಗ ತರಲು ಹೇಳಿದಳು.

"ಮತ್ತೆ ಹಾಕು. ನಿಮ್ಮಪ್ಪ ಮಲಕ್ಕಳ್ಳಲಿ, ಈ ತುದಿ ನಾನು ಹಿಡೀತೀನಿ."

ಸೊಸೆ ಸುಣ್ಣ ಬಿಡುತ್ತ ಹೋದಂತೆ ಕಮಲಮ್ಮ ಗೆರೆ ಎತ್ತ ತಿರುಗುತ್ತದೆಂದು ಕಣ್ಣಿಟ್ಟೇ ಇದ್ದಳು. ಅಡುಗೆಮನೆಯ ಬಾಗಿಲ ಕಡೆಗೆ ಬಂದಾಗ ಮಾತ್ರ, ಬಾಗಿಲಿಗೆ ಅಡ್ಡ ಬೀಳದಂತೆ, ಹಗ್ಗವನ್ನು ಮೆಲ್ಲಗೆ ತನ್ನತ್ತ ಜಗ್ಗಿಕೊಂಡಳು.