ಗ್ಲೆನಿಸ್ ಟ್ರೆಗೆಲ್ಲಾಸಳ ವಾಸಕ್ಕೆ ಸಾಕ್ಷಿ

ಗ್ಲೆನಿಸ್ ಟ್ರೆಗೆಲ್ಲಾಸಳ ಬಾಯಲ್ಲಿ ಅತ್ಯುನ್ನತ ಪ್ರಶಂಸೆಯೆಂದರೆ 'ಪರವಾಗಿಲ್ಲ'. ಹದವಾಗಿ ಬೆಂದ ಕುರಿಮಾಂಸಕ್ಕೂ ಪರವಾಗಿಲ್ಲ, ಕಣಜ ತುಂಬಿ ಹೊರಚೆಲ್ಲಿದ ಗೋಧಿ ಬೆಳೆಗೂ ಪರವಾಗಿಲ್ಲ. ಮೂವತ್ತು ವರ್ಷ ಬಾಡಿಗೆಯ ಕ್ಯಾರವಾನೆಂಬ ಗಾಲಿಮನೆಯಲ್ಲಿ ಸವೆದು, ಐವತ್ತೆರಡನೆಯ ವಯಸ್ಸಿನಲ್ಲಿ ಕೊಂಡ ಎರಡು ಕೋಣೆಯ ಕಲ್ಲುಮನೆಗೂ ಅದೇ ಪರವಾಗಿಲ್ಲ.

ಬಲಗಾಲನ್ನು ತುಸು ಹೊರಕ್ಕೆಸೆದು, ಸದಾ ಎಲ್ಲಿಗೋ ತಡವಾದವಳಂತೆ ನಡೆಯುವ ನಡಿಗೆ; ಋತುಭೇದವಿಲ್ಲದೆ ತೊಡುವ, ಮೊಣಕೈ ಹರಿದ ಕಡುನೀಲಿ ಕೋಟು. ವಿದ್ಯುದ್ದೀಪದ ಮೇಲೆ ಅವಳಿಗೆ ಅಕಾರಣ ದ್ವೇಷ. ಅಡುಗೆ ಸೌದೆ ಒಲೆಯಲ್ಲಿ, ಸ್ನಾನ ತಾನು ಕೆಲಸ ಮಾಡುವ ಗೋಧಿ ಕಣಜದ ಬಚ್ಚಲಲ್ಲಿ, ಕತ್ತಲಾದೊಡನೆ ನಿದ್ದೆ. ಅವಳ ಕಾಗದಪತ್ರಗಳು ಇಪ್ಪತ್ತೆಂಟು ಕಿಲೋಮೀಟರ್ ದೂರದ ತಂಗಿಯ ಮನೆಗೇ ಬರುತ್ತಿದ್ದವು; ವಿಳಾಸ ಬದಲಿಸುವ ಗೋಜಿಗೆ ಅವಳು ಹೋಗಿರಲಿಲ್ಲ.

ಇವೆಲ್ಲ ಸೇರಿ ಅವಳಿಗೆ ಮುಳುವಾದವು. ಆಸ್ಟ್ರೇಲಿಯಾದಲ್ಲಿ ಮೊದಲ ಮನೆ ಕೊಳ್ಳುವವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಪಡೆದವರು ಆ ಮನೆಯಲ್ಲಿ ಸತತ ಆರು ತಿಂಗಳು ವಾಸಿಸಬೇಕು. ಗ್ಲೆನಿಸಳ ವಿದ್ಯುತ್ ಬಿಲ್ಲು ಹೆಚ್ಚುಕಡಿಮೆ ಸೊನ್ನೆ, ಟಪಾಲು ತಂಗಿಯ ಮನೆಗೆ. ಆಕೆ ಅಲ್ಲಿ ವಾಸವೇ ಇಲ್ಲವೆಂದು ತೀರ್ಮಾನಿಸಿದ ಕಂದಾಯ ಕಚೇರಿ, ಅವಳು ಪಡೆದಿದ್ದ ಹದಿನೈದು ಸಾವಿರ ಡಾಲರನ್ನು ದಂಡಸಹಿತ ಮರಳಿಸುವಂತೆ ನೋಟಿಸು ಕಳಿಸಿತು. ಅಷ್ಟು ಹಣ ಕಟ್ಟಲು ಮನೆ ಮಾರದೆ ಗತ್ಯಂತರವಿರಲಿಲ್ಲ. ಸಹಾಯಧನ ನುಂಗಿ ಮನೆಯನ್ನು ಬಾಡಿಗೆಗೆ ಬಿಟ್ಟ ಭೂಪರು ಬೇಕಾದಷ್ಟಿರುವಾಗ ಕಚೇರಿಯನ್ನು ನಾನು ದೂರಲಾರೆ. ನನಗೆ ಕೋಪ ಬಂದದ್ದು ಗ್ಲೆನಿಸಳ ಉತ್ತರಕ್ಕೆ. 'ನಾನು ಇಲ್ಲೇ ಇದ್ದೇನೆ' ಎಂದು ಒಂದೇ ಸಾಲು ಬರೆದು ಕಳಿಸಿದ್ದಳು.

ನಾನು ಈ ಊರಿಗೆ ಗಣಿತದ ಮೇಷ್ಟ್ರಾಗಿ ಬಂದು ನೆಲೆನಿಂತವನು. ಗ್ಲೆನಿಸಳೂ ಇರುವ, ಊರಿನ ಬೆಂಕಿ ಆರಿಸುವ ಸ್ವಯಂಸೇವಕರ ದಳದ ಹಾಜರಿ ಪುಸ್ತಕ ನೋಡಿಕೊಳ್ಳುವವನೂ ನಾನೇ.

"ದಳದ ಪುಸ್ತಕ ತೋರಿಸೋಣ ಕಣೇ," ಎಂದೆ.

"ಬೇಡ ಮೇಷ್ಟ್ರೇ. ಸ್ವಂತ ಲಾಭಕ್ಕೆ ದಳದ ಹೆಸರು ಹೇಳ್ಕೊಂಡು ತಿರುಗೋಕಾಗುತ್ತಾ? ನಾಚಿಕೆಗೇಡು."

"ಬೀದಿಗೆ ಬೀಳೋದು ನಾಚಿಕೆಗೇಡಲ್ವಾ?"

"ಕ್ಯಾರವಾನು ಅಭ್ಯಾಸ ಇದೆ ಬಿಡಿ," ಎಂದು ಸೌದೆ ಸೀಳತೊಡಗಿದಳು. ಸೌದೆ ಬಿಟ್ಟು ಅವಳ ತಲೆಯನ್ನೇ ಸೀಳಬೇಕೆನ್ನಿಸಿತು ನನಗೆ.

ಮೇಲ್ಮನವಿಯ ವಿಚಾರಣೆಯ ದಿನ ಅವಳ ಮಾತು ಮೀರಿ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡೇ ಅವಳೊಂದಿಗೆ ರಾಜ್ಯದ ರಾಜಧಾನಿಗೆ ಹೋದೆ. ಅಧಿಕಾರಿ ಆನೆಲೀಸ್ ವೋಗ್ಟ್, ಸಭ್ಯ ಹೆಂಗಸು, "ವಾಸಕ್ಕೆ ಬೇರೆ ಏನಾದ್ರೂ ಆಧಾರ ಇದೆಯಾ ಗ್ಲೆನಿಸ್ ಅವರೇ?" ಎಂದು ಎರಡು ಸಲ ಕೇಳಿದರು. ಇವಳು ಕೋಟಿನ ಗುಂಡಿ ತಿರುವುತ್ತ ಕೂತಳು. ನಾನು ಪುಸ್ತಕ ಬಿಚ್ಚಿ ಅವರ ಮುಂದಿಟ್ಟೆ. ಆ ಆರು ತಿಂಗಳಲ್ಲಿ, ಬೆಂಕಿ ಬಿದ್ದಾಗ ದಳವನ್ನು ಕರೆಯುವ ಸೈರನ್ ಹತ್ತೊಂಬತ್ತು ಬಾರಿ ಕೂಗಿತ್ತು. ಬಹುಪಾಲು ನಸುಕಿನಲ್ಲಿ, ಭಾನುವಾರಗಳಲ್ಲಿ. ಹತ್ತೊಂಬತ್ತು ಸಲವೂ ಮೊದಲ ಸಹಿ ಗ್ಲೆನಿಸಳದು, ಸೈರನ್ ಕೂಗಿದ ಮೂರು ನಿಮಿಷದೊಳಗೆ. ಅವಳ ಮನೆಯಿಂದ ದಳದ ಶೆಡ್ಡಿಗೆ ಎರಡೇ ಬೀದಿ.

ವೋಗ್ಟ್ ಪುಟ ತಿರುವುತ್ತ, "ತಂಗಿ ಮನೆಯಿಂದ ಬಂದಿರಬಹುದಲ್ವಾ?" ಎಂದರು.

ನನ್ನತ್ತ ಕೆಂಗಣ್ಣು ಬಿಟ್ಟು ಗ್ಲೆನಿಸ್ ಕೊನೆಗೂ ಬಾಯಿ ತೆರೆದಳು. "ಇಪ್ಪತ್ತೆಂಟು ಕಿಲೋಮೀಟರ್ ಮೂರು ನಿಮಿಷದಲ್ಲಿ ಓಡಿಸಿದ್ರೆ ನೀವು ಬೇರೆ ಕೇಸೇ ಹಾಕ್ಬೇಕಾಗುತ್ತೆ, ತಾಯಿ."

ವೋಗ್ಟ್ ನಕ್ಕುಬಿಟ್ಟರು. ಅಂದೇ ನೋಟಿಸು ರದ್ದಾಯಿತು, ದಂಡವೂ ಹೋಯಿತು. ನನಗೆ ಕುಣಿಯುವಷ್ಟು ಸಂತೋಷ. ಫೋನಿನಲ್ಲಿ ಸುದ್ದಿ ತಿಳಿದ ದಳದವರು, ನಮ್ಮ ಕಾರು ಊರೊಳಕ್ಕೆ ಬರುತ್ತಲೇ ವಿಜಯದ ಸೈರನ್ ಕೂಗಿಸಿದರು. ಗ್ಲೆನಿಸ್ ಏನು ಎತ್ತ ಕೇಳದೆ, ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದು ಶೆಡ್ಡಿನತ್ತ ಓಡಿದಳು. ಚಪ್ಪಾಳೆ ತಟ್ಟುತ್ತ ನಿಂತವರನ್ನು ತಳ್ಳಿಕೊಂಡು ಹೋಗಿ ಹೆಲ್ಮೆಟ್ಟು ಹುಡುಕಿದಳು.

ತಮ್ಮ ಇರವಿಗೆ ಪುರಾವೆ ಕೂಡಿಡಬೇಕೆಂದು ಹೊಳೆಯದ ಇಂಥ ಜನ ಲೋಕದಲ್ಲಿ ಎಲ್ಲೆಡೆ ಇದ್ದಾರೆ. ಬಿಲ್ಲಿನಲ್ಲಿ, ಟಪಾಲಿನಲ್ಲಿ ಹುಡುಕಿದರೆ ಅವರು ಸಿಗಲಾರರು. ಅವರು ಎಲ್ಲಿ ವಾಸವಾಗಿದ್ದಾರೆಂದು ತಿಳಿಯಬೇಕಾದರೆ, ನೆರೆಹೊರೆಯವರ ಮನೆಗಳು ಇನ್ನೂ ಸುಡದೆ ನಿಂತಿವೆಯೇ ಎಂದು ನೋಡಿದರೆ ಸಾಕು.