ಖಾಲಿ ಗುಳಿಗಳ ಮಾತು

ಗಾಬರಿಯಾದಾಗ ನನಗೆ ನಗು ಬರುತ್ತದೆ. ಅಳುವವಳನ್ನು ಜನ ಸಮಾಧಾನ ಮಾಡುತ್ತಾರೆ, ನಗುವವಳನ್ನು ಹೊರಗೆ ಕಳಿಸುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಪ್ರಯೋಗಾಲಯದ ಕಂಪ್ಯೂಟರಿನ ಮುಂದೆ ಕೂತು ಕಿಸಕ್ಕೆಂದಾಗ ನಮ್ಮ ಮುಖ್ಯಸ್ಥೆ ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಏನಮ್ಮಾ ತಮಾಷೆ? ನಮಗೂ ಹೇಳು."

"ಖಾಲಿ ಗುಳಿಗಳು ಮಾತಾಡ್ತಿವೆ ಮೇಡಂ."

ಅವರು ಎದ್ದು ಬಂದು ಪರದೆ ನೋಡಿದರು. ಅವರಿಗೆ ನಗು ಬರಲಿಲ್ಲ.

ನನ್ನ ಚಿಪ್ ಎಂದರೆ ಅಂಚೆಚೀಟಿಯಷ್ಟು ಅಗಲದ ಮೆತ್ತನೆಯ ಚೌಕ. ಅದರ ಮೈತುಂಬ ಹತ್ತು ಸಾವಿರ ಗುಳಿಗಳು, ಒಂದೊಂದೂ ಕೂದಲೆಳೆಗಿಂತ ಸಣ್ಣದು. ಮೇಲಿಂದ ರಕ್ತದ ಬಿಳಿ ಕಣಗಳನ್ನು ಹನಿಸಿದರೆ ಐದು ಗುಳಿಗೊಂದರಂತೆ ಒಂಟಿ ಜೀವಕೋಶ ಇಳಿದು ಕೂರುತ್ತದೆ, ಮಿಕ್ಕವು ಖಾಲಿ. ಆಮೇಲೆ ಗಾಜು ಮುಚ್ಚುತ್ತೇನೆ. ಕೋಶ ಹೊರಗೆ ಉಗುಳುವ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುವ ಲೇಪ ಗಾಜಿನ ಒಳಮೈಗೆ ಇರುತ್ತದೆ. ಎರಡು ಗಂಟೆ ಬಿಟ್ಟು ಗಾಜನ್ನೆತ್ತಿ ಬಣ್ಣ ಹಾಕಿದರೆ, ಉಗುಳಿದ ಕೋಶದ ನೇರಕ್ಕೆ ಹಸಿರು ಚುಕ್ಕಿ ಹೊಳೆಯಬೇಕು. ಲಕ್ಷ ಕೋಶಗಳನ್ನು ಒಂದೇ ಕೊಳವೆಯಲ್ಲಿ ಹಾಕಿ ಅಳೆದರೆ ಸಂತೆಯ ಗದ್ದಲವಷ್ಟೇ ಸಿಗುತ್ತದೆ. ಇಲ್ಲಿ ಒಬ್ಬೊಬ್ಬರೂ ಏನು ಹೇಳಿದರೆಂದು ತಿಳಿಯುತ್ತದೆ. ಗುಂಪಿನಲ್ಲಿ ತುಟಿಪಿಟಕ್ಕೆನ್ನದ ನನಗೆ ಈ ಏರ್ಪಾಡು ಮೊದಲ ದಿನವೇ ಹಿಡಿಸಿಬಿಟ್ಟಿತ್ತು.

ಎರಡು ವರ್ಷ ದಿನಕ್ಕೆ ಹತ್ತಿಪ್ಪತ್ತು ಗುಳಿಗಳನ್ನು ಚುಕ್ಕಿಗಳ ಜೊತೆ ಕಣ್ಣಳತೆಯಲ್ಲೇ ಹೊಂದಿಸಿ ನೋಡಿದ್ದೆ. ಎಲ್ಲ ಸರಿಯಾಗಿತ್ತು. ಆದರೆ ಹತ್ತಿಪ್ಪತ್ತು ಯಾರಿಗೆ ಸಾಕು? ಮೂರು ಗಂಟೆಯ ಸಭೆಯಲ್ಲಿ ಚಿಪ್‌ನ ಕೆಲಸ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತೀರ್ಮಾನವಾಗಲಿತ್ತು. ನಿಲ್ಲಿಸಿದರೆ ನಾನು ಫ್ರೀಜರಿನ ಡಬ್ಬಿಗಳಿಗೆ ಚೀಟಿ ಅಂಟಿಸಲು ಹೋಗಬೇಕು. ಅದಕ್ಕೇ ಹತ್ತು ಸಾವಿರ ಗುಳಿಗಳ ಚಿತ್ರವನ್ನೂ ಗಾಜಿನ ಚಿತ್ರವನ್ನೂ ಒಂದರ ಮೇಲೊಂದು ಕೂರಿಸುವ ಪ್ರೋಗ್ರಾಂ ಬರೆದೆ. ಅದು ಕೂರಿಸಿ ತೋರಿಸಿದ್ದು ಇದು: ಹಸಿರು ಚುಕ್ಕಿಗಳ ಕೆಳಗೆ ಬಹುಪಾಲು ಯಾರೂ ಇಲ್ಲ, ಇರುವವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ.

"ಮೂರು ಗಂಟೆಗೆ ಏನು ತೋರಿಸ್ತೀಯ? ದೆವ್ವಗಳನ್ನಾ?" ಎಂದು ಮೇಡಂ ಹೊರಟುಹೋದರು.

ಒಂದು ಗಂಟೆಗೆ ಅಮ್ಮನ ಫೋನು ಬಂತು. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ನಾನು ಹಲೋ ಎನ್ನುವ ಮೊದಲೇ ಶುರುವಾಯಿತು.

"ನನ್ನ ಕೈಗಿಷ್ಟು ಬೆಂಕಿ ಬೀಳ! ಮೂಲೆಮನೆಯಾಕೆ ರವಿಕೆ ಬಟ್ಟೆ ಹಾಳು ಮಾಡ್ಬಿಟ್ಟೆ ಕಣೆ. ಎರಡು ತೋಳೂ ಬಲಗೈದೇ ಆಗೋಯ್ತು."

"ಅದ್ಹೇಗಮ್ಮಾ?"

"ಇನ್ಹೇಗೆ? ಒಂದು ತೋಳು ಕತ್ತರಿಸಿದ್ಮೇಲೆ ಅಳತೆ ಕಾಗದಾನ ಮಗುಚಿ ಇಡ್ಬೇಕು. ಮಗುಚದೇ ಹಂಗೇ ಇಟ್ಟು ಕತ್ತರಿ ಹಾಕ್ದೆ. ಈಗ ಆ ಮಹಾರಾಯ್ತಿ ಎರಡು ಬಲಗೈ ಇಟ್ಕೊಂಡು ಬಂದ್ರೇನೇ ಸರಿ. ಊಟ ಮಾಡಿದ್ಯಾ? ಯಾಕೆ ಸುಮ್ನಾದೆ? ಏ ಹುಡುಗಿ!"

ನಾನು ಬಲ ಅಂಗೈಯನ್ನು ಮೇಜಿನ ಮೇಲೆ ಬೋರಲು ಹಾಕಿ, ಎತ್ತಿ, ಅಂಗಾತ ಮಾಡಿ ನೋಡುತ್ತಿದ್ದೆ. ಎಡಕ್ಕಿದ್ದ ಹೆಬ್ಬೆರಳು ಬಲಕ್ಕೆ ಹೋಗಿತ್ತು. ಮತ್ತೆ ಬೋರಲು. ಮತ್ತೆ ಅಂಗಾತ.

ಗಾಜು ಚಿಪ್ ಮೇಲೆ ಬೋರಲು ಬಿದ್ದಿರುತ್ತದೆ. ಚುಕ್ಕಿ ನೋಡಲು ಅದನ್ನು ಅಂಗಾತ ಮಾಡುತ್ತೇವೆ. ಎರಡು ವರ್ಷ ನನ್ನ ಕಣ್ಣು ಅದನ್ನು ತನ್ನಷ್ಟಕ್ಕೇ ಮಗುಚಿಕೊಂಡು ನೋಡುತ್ತಿತ್ತು. ಪ್ರೋಗ್ರಾಮಿಗೆ ಆ ಬುದ್ಧಿ ಯಾರು ಹೇಳಬೇಕು? ನಾನೇ. ಹೇಳಿರಲಿಲ್ಲ.

"ಅಮ್ಮಾ, ನಿನ್ನ ಕೈಗೆ ಬಂಗಾರ ಬೀಳಲಿ!" ಎಂದು ಫೋನಿಟ್ಟೆ. ಮಗಳಿಗೆ ತಲೆ ಕೆಟ್ಟಿತೆಂದು ಅಮ್ಮ ಪಕ್ಕದ ಮನೆಗೆ ಓಡಿದಳಂತೆ, ಆಮೇಲೆ ಗೊತ್ತಾಯಿತು.

ಪ್ರೋಗ್ರಾಮಿಗೆ ಮಗುಚುವ ಒಂದೇ ಸಾಲು ಸೇರಿಸಿದೆ. ಹಸಿರು ಚುಕ್ಕಿಗಳೆಲ್ಲ ಗಿರಕಿ ಹೊಡೆದು, ಬಾಡಿಗೆದಾರರು ತಂತಮ್ಮ ಮನೆ ಹೊಕ್ಕಂತೆ, ಒಂದೊಂದು ಕೋಶದ ನೆತ್ತಿಯ ಮೇಲೆ ಹೋಗಿ ಕೂತವು. ನಾನು ಚಕ್ರದ ಕುರ್ಚಿಯಲ್ಲಿ ಮೂರು ಸುತ್ತು ತಿರುಗಿದೆ. ಬಾಗಿಲು ಹಾಕಿತ್ತು, ಪುಣ್ಯ.

ಮೂರು ಗಂಟೆಗೆ ನಾಲ್ಕು ವಾಕ್ಯ ಹೇಳಿ ಕೂತೆ. ನಾಲ್ಕನೆಯದು, "ಮೊದಲು ಮಗುಚೋದು ಮರೆತಿದ್ದೆ." ಬೇಕಿರಲಿಲ್ಲವೇನೋ. ಮೇಡಂ ಕಣ್ಣು ಮುಚ್ಚಿಕೊಂಡರು. ಸಭೆಯ ಹಿರಿಯರು ಮಕ್ಕಳ ಡಾಕ್ಟರು, ಅವರ ಹುಬ್ಬು ಮೇಲೇರಿತು.

"ಅಂದ್ರೆ ಸರಿ ಕಾಣೋವರೆಗೂ ತಿರುಗಿಸಿದ್ಯಾ? ಹಾಗೆ ತಿರುಗಿಸಿದ್ರೆ ಯಾವುದು ತಾನೇ ಹೊಂದಲ್ಲ?"

ನನಗೆ ತಿಳಿಯುವ ಮೊದಲೇ ಕಾಲು ಎದ್ದು ನಿಂತಿತ್ತು.

"ಚೌಕ ಗಾಜನ್ನ ಇಡಕ್ಕೆ ಎಂಟೇ ದಾರಿ ಸರ್. ಬೋರಲು ನಾಲ್ಕು, ಅಂಗಾತ ನಾಲ್ಕು. ನೀವೇ ತಿರುಗಿಸಿ ನೋಡಿ."

ಮೌಸನ್ನು ಅವರ ಕೈಗೇ ಕೊಟ್ಟೆ. ತಿರುಗಿಸಿದರು. ಹೊಳೆದ ನೂರು ಚುಕ್ಕಿಗಳಲ್ಲಿ ಇಪ್ಪತ್ತರ ಕೆಳಗೆ ಮಾತ್ರ ಕೋಶ. ಇನ್ನೊಂದು ಸಲ, ಇಪ್ಪತ್ತೆರಡು. ಹತ್ತೊಂಬತ್ತು. ಇಪ್ಪತ್ತು.

"ಐದಕ್ಕೊಂದು ಗುಳೀಲಿ ಕೋಶ ಇರೋದ್ರಿಂದ ಕಣ್ಣು ಮುಚ್ಚಿ ಇಟ್ರೂ ಅಷ್ಟು ಹೊಂದುತ್ತೆ ಸರ್," ಎಂದೆ. ನನ್ನ ದನಿ ಗೋಡೆಗೆ ಬಡಿದು ವಾಪಸು ಬಂದದ್ದು ನನಗೇ ಕೇಳಿಸಿತು.

ಏಳು ಸಲ ಹೀಗೇ. ಎಂಟನೆಯದಕ್ಕೆ ತೊಂಬತ್ತಾರು.

"ಆ ನಾಲ್ಕು?"

"ಪಕ್ಕದ ಮನೆಯಿಂದ ಸೋರಿದ್ದು ಸರ್. ಗಾಜು ಇನ್ನೂ ಬಿಗಿಯಾಗಿ ಒತ್ತಬೇಕು."

ಮೇಡಂ ಒಂದು ಕಣ್ಣು ತೆರೆದರು. ಡಾಕ್ಟರು ಆಟದ ಸಾಮಾನು ಸಿಕ್ಕವರಂತೆ ಮತ್ತೆರಡು ಸಲ ತಿರುಗಿಸಿ, ತೊಂಬತ್ತಾರಕ್ಕೆ ತಂದು ನಿಲ್ಲಿಸಿದರು.

"ನಿಲ್ಲಿಸೋ ಮಾತು ಬಿಟ್ಟುಬಿಡಿ. ಮುಂದಿನ ವಾರ ನಮ್ಮ ವಾರ್ಡಿಂದ ರಕ್ತ ಕಳಿಸ್ತೀನಿ. ಎಷ್ಟು ಬೇಕಮ್ಮಾ?"

"ಒಂದು ಹನಿ ಸಾಕು ಸರ್."

"ಒಂದೇ ಹನೀನಾ? ನಮ್ಮ ಎಳೆಕೂಸುಗಳ ಕೈಯಲ್ಲಿ ರಕ್ತ ಸಿಗದೆ ಒದ್ದಾಡೋ ನರ್ಸಮ್ಮ ಈ ಮಾತು ಕೇಳಿದ್ರೆ ನಿನ್ನನ್ನೇ ಹೆಗಲ ಮೇಲೆ ಹೊತ್ಕೊಂಡು ಕುಣೀತಾರೆ!"

ಹೊರುವುದೇನೂ ಕಷ್ಟವಾಗುತ್ತಿರಲಿಲ್ಲ. ಆ ಹೊತ್ತಿಗೆ ನಾನು ನೆಲದಿಂದ ಒಂದು ಗೇಣು ಮೇಲೇ ಇದ್ದೆ.