ಒಗೆಯುವ ಕೋಣೆಗೆ ಬಂದ ಸಿಗ್ನಲ್

ಹೋಟೆಲಿನ ಮೂಲೆಮೂಲೆಗೂ ವೈಫೈ ಬಂದರೂ ನೆಲಮಾಳಿಗೆಯ ಒಗೆಯುವ ಕೋಣೆಗೆ ಮಾತ್ರ ಬರಲಿಲ್ಲ. ಒಂದು ಕಾಲಕ್ಕೆ ಆಸ್ಪತ್ರೆಯಾಗಿದ್ದ ಕಟ್ಟಡ. ಮೊಳ ದಪ್ಪದ ಕಲ್ಲುಗೋಡೆ. ವೈಫೈಯವನು ಡ್ರಿಲ್ ಮುರಿದುಕೊಂಡು, "ಇದು ಗೋಡೆಯಲ್ಲ, ಬೆಟ್ಟ" ಎಂದು ಕೈಚೆಲ್ಲಿದ್ದ.

ಇಸ್ತ್ರಿಯಾಕೆ ಅವನ ಬೆನ್ನು ಬಿಡಲಿಲ್ಲ. ಗಂಟಲ ಆಪರೇಷನ್ ಆದಮೇಲೆ ಅವಳ ಅಕ್ಕನಿಗೆ ಮಾತು ಹೋಗಿತ್ತು. ಹಾಸಿಗೆ ಹಿಡಿದವಳ ಮುಖವಾದರೂ ಫೋನಿನಲ್ಲಿ ಕಾಣಬೇಕು.

"ಹೇಗಾದ್ರೂ ಮಾಡಿ ಇಲ್ಲೊಂದು ಡಬ್ಬಿ ಹಾಕಿಕೊಡಣ್ಣ."

"ಮೇನೇಜರ್ ಒಪ್ಪಬೇಕಲ್ಲಮ್ಮ."

"ಯಾಕೆ, ಬಟ್ಟೆ ವಾಟ್ಸಾಪ್ ನೋಡುತ್ತಾ?" ಎಂದು, ಅವಳು ಹೋಗಿ ಕೇಳಿದಾಗ, ಮೇನೇಜರ್ ನಕ್ಕ. ಆಮೇಲೆ ಏನೋ ಹೊಳೆದವನಂತೆ, "ಹಾಕಿಸೋಣ ಬಿಡು" ಅಂದ. ಅವಳಿಗೆ ಕಣ್ಣು ತುಂಬಿ ಬಂತು.

ಮಹಡಿಗಳಿಂದ ಮಾಸಿದ ಬಟ್ಟೆ ಜಾರಿಬೀಳುವ ತಗಡಿನ ಕೊಳವೆಯೊಳಗೇ ತಂತಿ ಇಳಿಬಿಟ್ಟು, ವೈಫೈಯವನು ಬಿಳಿ ಡಬ್ಬಿ ಕೂರಿಸಿದ. ಪಕ್ಕದಲ್ಲಿ ಇನ್ನೊಂದು ಗುಂಡನೆಯದು.

"ಇದೇನಣ್ಣ?"

"ಹೊಗೆ ಬಂದ್ರೆ ಕೂಗುತ್ತೆ," ಅಂದ, ಅವಳ ಮುಖ ನೋಡದೆ.

ಅಂದಿನಿಂದ ಊಟದ ಬಿಡುವಿನಲ್ಲಿ ಅಕ್ಕ ಫೋನಿನಲ್ಲಿ ಬರತೊಡಗಿದಳು. ಅವಳನ್ನು ನಗಿಸಲು ಇವಳು ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಮೇನೇಜರನ ಹಾಗೆ ಮೂಗಿನಲ್ಲಿ ಗದರುತ್ತ ನಡೆಯುವಳು. ಅಕ್ಕ ಸದ್ದಿಲ್ಲದೆ ಬಿದ್ದು ಬಿದ್ದು ನಗುವಳು.

ಒಂದು ಮಧ್ಯಾಹ್ನ ಮೇನೇಜರ್ ಕೆಲಸದವರನ್ನೆಲ್ಲ ಊಟದ ಹಾಲಿಗೆ ಕರೆಸಿದ. ಗೋಡೆಯ ದೊಡ್ಡ ಟಿವಿಯಲ್ಲಿ ದಿಂಬು ಕಟ್ಟಿಕೊಂಡ ಇಸ್ತ್ರಿಯಾಕೆ ಓಡಾಡುತ್ತಿದ್ದಳು. ಆ ಗುಂಡನೆಯದು ಕ್ಯಾಮೆರಾ ಎಂದು ಅವಳಿಗೆ ಆಗಲೇ ತಿಳಿದದ್ದು. ಮೇನೇಜರ್ ನಕ್ಕ ಮೇಲೆ ಎಲ್ಲರೂ ನಕ್ಕರು. ದಿನಾ ಅವಳ ಬುತ್ತಿಯಲ್ಲೇ ಕೈಹಾಕಿ ಉಣ್ಣುತ್ತಿದ್ದ ಪಾತ್ರೆ ತೊಳೆಯುವವಳು ಎಲ್ಲರಿಗಿಂತ ಜೋರಾಗಿ ನಕ್ಕಳು.

"ಚೆನ್ನಾಗಿ ಮಾಡ್ತೀಯ ಕಣೆ. ಇಲ್ಲೂ ಮಾಡು," ಅಂದ ಮೇನೇಜರ್.

"ತಪ್ಪಾಯ್ತು ಸಾರ್. ಹೊಟ್ಟೆ ಮೇಲೆ ಹೊಡೀಬೇಡಿ."

"ನಿಮ್ಮಕ್ಕಂಗೆ ಫೋನ್ ಹಚ್ಚು. ಅವಳೂ ನೋಡ್ಲಿ."

ದಿಂಬನ್ನು ಅವನೇ ತರಿಸಿಟ್ಟಿದ್ದ. ಫೋನನ್ನೂ ಅವನೇ ಹಿಡಿದ, ಅಕ್ಕನಿಗೆ ತಂಗಿ ಮಾತ್ರ ಕಾಣುವ ಹಾಗೆ. ಅವಳು ನಡೆದಳು. ಗದರಲು ಹೋಗಿ, ಅಕ್ಕನ ಹಾಗೆ ಬರೀ ತುಟಿ ಆಡಿಸಿದಳು.

ಮೇನೇಜರ್ ಅಕ್ಕನಿಗೆ ಕೇಳಿಸದಂತೆ ಫೋನಿನ ಮೈಕಿಗೆ ಹೆಬ್ಬೆರಳು ಒತ್ತಿ ಮೆಲ್ಲಗೆ ಹೇಳಿದ: "ನಾಳೆಯಿಂದ ಬರಬೇಡ."

ಪರದೆಯ ಮೇಲೆ ಅಕ್ಕ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಬೆರಳೆತ್ತಿ ಸನ್ನೆ ಮಾಡಿದಳು: ಇನ್ನೊಂದು ಸಲ.

ಅವಳು ಸಡಿಲವಾಗಿದ್ದ ದಿಂಬನ್ನು ಬಿಗಿಮಾಡಿಕೊಂಡಳು.